ಮುಳ್ಳು ಅರ್ಧ ತೋರಿಸಿದರೆ ಎಣ್ಣೆ ಅರ್ಧ ಇದೆ ಅಂತಲ್ಲ

ತುಮಕೂರಿನಲ್ಲಿ ಕೂತು ದೋಣಿಯ ಪೆಟ್ರೋಲ್ ಬಗ್ಗೆ ಬರೆಯುತ್ತೇನೆ ಅಂದರೆ ನಗು ಬರುತ್ತೆ, ಗೊತ್ತು. ಕಡಲು ಇಲ್ಲಿಂದ ಒಂದು ರಾತ್ರಿ ಬಸ್ಸಿನ ದೂರ. ಆದರೆ ನಮ್ಮ ಜಿಲ್ಲೆಗೆ ನೀರಿನ ಬರ ಬಂದಿರಬಹುದು, ಕೆರೆಗಳ ಬರ ಯಾವತ್ತೂ ಬಂದಿಲ್ಲ. ಮಳೆ ಕೈಹಿಡಿದ ವರ್ಷ ಆ ಕೆರೆಗಳಲ್ಲಿ ಮೀನಿನ ಗುತ್ತಿಗೆ ಹಿಡಿದವರ ಓಡಾಟ ಶುರುವಾಗುತ್ತೆ. ಬಹುತೇಕ ಜನ ತೆಪ್ಪ, ಹರಿಗೋಲಿನಲ್ಲೇ ಕೆಲಸ ಮುಗಿಸುತ್ತಾರೆ. ತೋಳಲ್ಲಿ ಶಕ್ತಿ ಇದ್ದರೆ ಸಾಕು, ಎಣ್ಣೆಯ ಮಾತೇ ಇಲ್ಲ.

ನನ್ನ ಸೋದರಮಾವನ ಮಗ, ತಮ್ಮ ಅಂತಲೇ ಕರೆಯುತ್ತೇನೆ, ಅವನು ಮಾತ್ರ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಂದ. ಹಿಂದೆ 10 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಇಂಜಿನ್ನು, ಫೋರ್ ಸ್ಟ್ರೋಕ್. ಕುಣಿಗಲ್ ಕಡೆ ಒಂದು ದೊಡ್ಡ ಕೆರೆಯ ಗುತ್ತಿಗೆ ಅವನದು. ಕಾಟ್ಲಾ, ರೋಹು ಮರಿ ಬಿಡಬೇಕು, ಬಲೆ ನೋಡಬೇಕು, ರಾತ್ರಿ ಕಾವಲು ಸುತ್ತಬೇಕು. ಹುಟ್ಟು ಹಾಕಿ ಹಾಕಿ ಭುಜ ಬಿದ್ದುಹೋಯ್ತು ಅನ್ನುವುದು ಅವನ ವಾದ.

ನನ್ನದು ಶಿರಾ ಗೇಟ್ ಕಡೆ ಆಟೋ ಎಲೆಕ್ಟ್ರಿಕಲ್ ಅಂಗಡಿ. ಲಾರಿ, ಟ್ರ್ಯಾಕ್ಟರ್, ಟೆಂಪೋಗಳ ಮೀಟರ್ ಬಿಚ್ಚಿ ಸರಿಮಾಡುವುದೇ ದಿನದ ಕೆಲಸ. ಹಾಗಾಗಿ ಅವನ ಫೋನು ನನಗೇ ಬಂತು. "ಮುಳ್ಳು ಅರ್ಧ ತೋರಿಸ್ತಿತ್ತು ಕಣಣ್ಣ, ಕೆರೆ ಮಧ್ಯಕ್ಕೆ ಹೋಗ್ತಿದ್ದಂಗೆ ಗಾಡಿ ಆಫ್ ಆಯ್ತು." ದೋಣಿಗೂ ಗಾಡಿ ಅನ್ನುತ್ತಾನೆ ಅವನು.

ಇದರಲ್ಲಿ ಮುಳ್ಳಿನ ತಪ್ಪು ಎಷ್ಟು, ಟ್ಯಾಂಕಿನ ತಪ್ಪು ಎಷ್ಟು ಅನ್ನುವುದನ್ನು ಬಿಡಿಸಿ ಹೇಳಬೇಕು. ಹಳೇ ಮಾಲೀಕ ಇಂಜಿನ್ ಜೊತೆ ಬಂದಿದ್ದ ಕ್ಯಾನ್ ಸಾಲಲ್ಲ ಅಂತ, ಹಲಗೆ ಕೆಳಗೆ ದೋಣಿಯ ಹೊಟ್ಟೆಗೆ ಕೂರುವ ಹಾಗೆ 30 ಲೀಟರಿನ ಸ್ಟೀಲ್ ಟ್ಯಾಂಕ್ ಮಾಡಿಸಿದ್ದ. ದೋಣಿಯ ತಳ ಕೆಳಕ್ಕೆ ಹೋಗ್ತಾ ಚೂಪಾಗುತ್ತೆ ಅಲ್ವಾ, ಟ್ಯಾಂಕೂ ಹಾಗೇ. ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಒಳಗೆ ಎಣ್ಣೆಯ ಮೇಲೆ ತೇಲುತ್ತಾ ಮುಳ್ಳನ್ನು ಆಡಿಸುವ ತೇಲುಬುಂಡೆ ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ಇದು ನಮಗೆ ಹೊಸದೇನೂ ಅಲ್ಲ. ಕೆಆರ್‌ಎಸ್ ತುಂಬಿದರೆ 124.80 ಅಡಿ, ಸುಮಾರು 49 ಟಿಎಂಸಿ. ಅದೇ 100 ಅಡಿಗೆ ಇಳಿದರೆ ಅಡಿಯ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು ಹೋದ ಹಾಗೆ ಕಾಣುತ್ತೆ, ನೀರು ಮಾತ್ರ ಅರ್ಧಕ್ಕೂ ಕೆಳಗೆ ಬಂದಿರುತ್ತೆ. ಪೇಪರಿನಲ್ಲಿ ಅಡಿ ಓದಿ ಖುಷಿಪಡುವವರು ಬೇರೆ, ಟಿಎಂಸಿ ನೋಡಿ ಭತ್ತ ಹಾಕುವವರು ಬೇರೆ. ದೋಣಿಯ ಟ್ಯಾಂಕಿಗೂ ಇದೇ ಮಾತು. ತಳ ಪೂರ್ತಿ ಚೂಪಾಗಿದ್ದರೆ ಅರ್ಧ ಎತ್ತರದಲ್ಲಿ ಉಳಿದಿರುವುದು ಕಾಲು ಭಾಗ ಮಾತ್ರ.

ಇನ್ನೂ ಒಂದಿದೆ. ಪೆಟ್ರೋಲ್ ಎಳೆಯುವ ಪೈಪು ತಳ ಮುಟ್ಟುವುದಿಲ್ಲ, ಕಸ ನೀರು ಎಳೆಯಬಾರದು ಅಂತ ಸ್ವಲ್ಪ ಮೇಲೇ ಬಿಟ್ಟಿರುತ್ತಾರೆ. ಅಂದರೆ ಕೊನೆಯ ಒಂದೆರಡು ಲೀಟರ್ ಇದ್ದೂ ಇಲ್ಲದ್ದು. ಆಕ್ಸಿಲರೇಟರ್ ಕೊಟ್ಟಾಗ ದೋಣಿಯ ಮೂತಿ ಮೇಲೇಳುತ್ತೆ, ಎಣ್ಣೆಯೆಲ್ಲ ಹಿಂದಕ್ಕೆ ಸರಿಯುತ್ತೆ. ಪೈಪು ಮುಂದಿನ ಕಡೆ ಇದ್ದರೆ ಅದು ಗಾಳಿ ಎಳೆಯುತ್ತೆ. ದಡದಲ್ಲಿ ಸಮನಾಗಿ ನಿಂತಾಗ ಇದ್ದ ಎಣ್ಣೆ ಓಡುವಾಗ ಸಿಗುವುದಿಲ್ಲ.

ಅವನ ಟ್ಯಾಂಕನ್ನು ಅಳೆದಿದ್ದು ಹೀಗೆ. ದೋಣಿಯನ್ನು ದಡಕ್ಕೆಳೆದು, ನೀರಿನಲ್ಲಿ ಹೇಗೆ ಕೂರುತ್ತೋ ಅದೇ ಮಟ್ಟಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಟ್ಯಾಂಕ್ ಖಾಲಿ ಮಾಡಿದೆವು. ತೇಲುಬುಂಡೆಯ ವೈರು ಬಿಚ್ಚಿ ಮಲ್ಟಿಮೀಟರ್ ಕೊಟ್ಟೆ. ಎರಡೆರಡು ಲೀಟರ್ ಅಳೆದು ಸುರಿಯೋದು, ಅಲೆ ನಿಲ್ಲೋವರೆಗೂ ಕಾಯೋದು, ಓಮ್ ಎಷ್ಟು ಅಂತ ಬರೆದುಕೊಳ್ಳೋದು. ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಅನ್ನುವ ಅಳತೆ, ಬುಂಡೆ ಏರಿಳಿದಂತೆ ಅದೂ ಬದಲಾಗುತ್ತೆ. ಖಾಲಿಯಲ್ಲಿ 10 ಓಮ್ ಇತ್ತು. ಮೊದಲ ಎರಡು ಲೀಟರ್ ಸುರಿದರೂ ಹತ್ತೇ. ಬುಂಡೆಗೆ ಎಣ್ಣೆ ಮುಟ್ಟಿಯೇ ಇರಲಿಲ್ಲ. ನಾಲ್ಕು ದಾಟಿದ ಮೇಲೆ ಸರಸರ ಏರತೊಡಗಿತು. ಹತ್ತು ಲೀಟರಿಗೆಲ್ಲ ಓಮ್ ಮುಳ್ಳು ನಡುಮಧ್ಯ ತೋರಿಸುವ ಲೆಕ್ಕಕ್ಕೆ ಬಂದು ನಿಂತಿತ್ತು. ಅಲ್ಲಿಂದ ಮೇಲೆ ನಿಧಾನ, ತುಂಬಾ ನಿಧಾನ. ಅರ್ಧ ಅಂತ ಅವನು ನಂಬಿದ್ದು 15 ಲೀಟರಲ್ಲ, 10. ಅದರಲ್ಲೂ ಕೊನೆಯ ಎರಡು ಲೆಕ್ಕಕ್ಕಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಿಬಿಡುತ್ತೇನೆ, ಬೇಡದವರು ಮುಂದಿನ ಪ್ಯಾರಾಕ್ಕೆ ಹೋಗಿ. ತೇಲುಬುಂಡೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಯುರೋಪಿನ ಪದ್ಧತಿಯದ್ದು ಖಾಲಿಗೆ 10 ಓಮ್, ತುಂಬಿದಾಗ 180. ಅಮೆರಿಕದ್ದು ತಿರುಗಮುರುಗ, ಖಾಲಿಗೆ 240, ತುಂಬಿದಾಗ 33. ಒಂದು ಜಾತಿಯ ಬುಂಡೆಗೆ ಇನ್ನೊಂದು ಜಾತಿಯ ಮೀಟರ್ ಕೊಟ್ಟರೆ ತುಂಬಿದ್ದು ಖಾಲಿಯಾಗಿ ಕಾಣುತ್ತೆ, ಅದು ತಕ್ಷಣ ಗೊತ್ತಾಗುವ ತಪ್ಪು, ತೊಂದರೆಯಿಲ್ಲ. ಗೊತ್ತಾಗದ ತಪ್ಪು ಅಂದರೆ ಅರ್ಥಿಂಗ್. ನೀರಿನ ಪಸೆಗೆ ಅರ್ಥ್ ವೈರಿನ ತುದಿಯಲ್ಲಿ ಹಸಿರು ಕಿಲುಬು ಹಿಡಿಯುತ್ತೆ, ಅಲ್ಲಿ ಒಂದಿಷ್ಟು ಓಮ್ ಸುಮ್ನೆ ಸೇರಿಕೊಳ್ಳುತ್ತೆ. 10ರಿಂದ 180ರ ಮೀಟರಿನಲ್ಲಿ ಓಮ್ ಜಾಸ್ತಿ ಆಯ್ತು ಅಂದರೆ ಎಣ್ಣೆ ಜಾಸ್ತಿ ಇದೆ ಅಂತ ತೋರಿಸುತ್ತೆ. ವೈರು ಪೂರ್ತಿ ಕಿತ್ತುಹೋದರಂತೂ ಟ್ಯಾಂಕ್ ಫುಲ್! ಅಮೆರಿಕದ ಪದ್ಧತಿಯಲ್ಲಿ ಅದೇ ಕಿಲುಬು ಎಣ್ಣೆ ಕಮ್ಮಿ ಇದೆ ಅನ್ನುತ್ತೆ. ಎರಡೂ ಸುಳ್ಳೇ. ಆದರೆ ಕಮ್ಮಿ ತೋರಿಸುವ ಸುಳ್ಳು ನಿಮ್ಮನ್ನು ದಡಕ್ಕೆ ವಾಪಸ್ ಕಳಿಸುತ್ತೆ. ರಸ್ತೆ ಮೇಲಾದರೆ ಯಾವುದಾದರೂ ಆಗಲಿ ಅನ್ನುತ್ತಿದ್ದೆ. ನೀರಿಗಿಳಿಯುವುದಕ್ಕೆ ನನ್ನನ್ನು ಕೇಳಿದರೆ ಎರಡನೆಯದೇ ಇರಲಿ.

ಮುಳ್ಳು ಕುಣಿಯುವ ಬಗ್ಗೆಯೂ ಕೇಳುತ್ತಾರೆ. ಹಳೇ ಕಾಲದ ಬಿಸಿಯಾಗಿ ಬಾಗುವ ಪಟ್ಟಿಯ ಮೀಟರುಗಳು ನಿಧಾನ, ಅಲೆಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಈಗಿನ ಅಗ್ಗದ ಡಿಜಿಟಲ್ ಮೀಟರುಗಳು ಪ್ರತಿ ಅಲೆಗೂ ಹಾರುತ್ತವೆ. ಒಂದಷ್ಟು ಹೊತ್ತಿನ ಸರಾಸರಿ ತೆಗೆದು ತೋರಿಸುವಂಥದ್ದನ್ನೇ ತಗೊಳ್ಳಿ, ಅಷ್ಟೆ.

ಸರಿ, ಇದೆಲ್ಲ ಟ್ಯಾಂಕಿನಲ್ಲಿ ಎಷ್ಟಿದೆ ಅನ್ನುವ ವಿಚಾರ. ಎಷ್ಟು ಖರ್ಚಾಗುತ್ತೆ ಅನ್ನುವುದೇ ಬೇರೆ ಲೆಕ್ಕ, ನನ್ನ ಪ್ರಕಾರ ಅದೇ ದೊಡ್ಡದು.

ನಮ್ಮ ಜನ ಏನೇ ತಗೊಂಡರೂ ಮೊದಲು ಕೇಳುವುದು ಮೈಲೇಜ್. ದೋಣಿಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳಿದರೆ ಉತ್ತರ ದಿನಕ್ಕೊಂದು ಬರುತ್ತೆ. ಗಾಳಿ ಯಾವ ಕಡೆಯಿಂದ, ದೋಣಿಯಲ್ಲಿ ಎಷ್ಟು ಜನ, ಬಲೆ ಒದ್ದೆಯೋ ಒಣಗಿದೆಯೋ, ಎಲ್ಲದರ ಮೇಲೂ ನಿಂತಿದೆ. ಆಷಾಢದಲ್ಲಿ ಪಡುವಣ ಗಾಳಿ ಬೀಸುವಾಗ ಅದಕ್ಕೆ ಎದುರಾಗಿ ಹೋಗಿ ನೋಡಿ, ಇಂಜಿನ್ ಅರಚಿಕೊಳ್ಳುತ್ತೆ, ಏರಿ ಮೇಲಿನ ಮರ ಇದ್ದಲ್ಲೇ ಇರುತ್ತೆ. ಅದಕ್ಕೇ ನೀರಿನ ಮೇಲೆ ಗಂಟೆಗೆ ಎಷ್ಟು ಲೀಟರ್ ಅನ್ನುವುದೇ ಸರಿಯಾದ ಅಳತೆ. ನಮ್ಮ ಕಡೆ ಟ್ರ್ಯಾಕ್ಟರ್ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರೋಟವೇಟರ್ ಬಾಡಿಗೆ ಗಂಟೆಗೆ, ಜೆಸಿಬಿ ಬಾಡಿಗೆ ಗಂಟೆಗೆ, ಎಣ್ಣೆ ಲೆಕ್ಕವೂ ಗಂಟೆಗೆ.

ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್ನಿಗೆ ದೋಣಿಯವರು ಹಿಡಿಯುವ ಒಂದು ಒರಟು ಲೆಕ್ಕ ಇದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಗಂಟೆಗೆ ಎಚ್‌ಪಿಯ ಹತ್ತನೇ ಒಂದು ಭಾಗದಷ್ಟು ಅಮೆರಿಕನ್ ಗ್ಯಾಲನ್. 10 ಎಚ್‌ಪಿಗೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಹತ್ತಿರ ಹತ್ತಿರ. ಹಳೇ ಟೂ ಸ್ಟ್ರೋಕ್ ಆದರೆ ಇನ್ನೂ ಜಾಸ್ತಿ ಕುಡಿಯುತ್ತೆ. ಡೀಸೆಲ್ ಆದರೆ ಕಮ್ಮಿ. ಇಂಥ ಸಣ್ಣ ದೋಣಿ ನೀರನ್ನು ಸೀಳಿಕೊಂಡೇ ಹೋಗಬೇಕು, ನೀರಿನ ಮೇಲೆದ್ದು ಜಾರುವಂಥದ್ದಲ್ಲ. ಅದಕ್ಕೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತೆ. ಸ್ಕೂಲಿನಲ್ಲಿ ಓದಿದ್ದೇ, ಅದನ್ನೇ ಮೂರು ಸಲ ಗುಣಿಸೋದು. ವೇಗವನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ 0.8ನ್ನು ಮೂರು ಸಲ ಗುಣಿಸಿ, 0.51 ಬಂತು. ಬೇಕಾಗುವ ಶಕ್ತಿ ಅರ್ಧಕ್ಕರ್ಧ ಇಳಿಯಿತು. ದಡಕ್ಕೆ ಬರುವುದು ಐದು ನಿಮಿಷ ತಡ ಆಗಬಹುದು, ಅಷ್ಟಕ್ಕೆ ಇಷ್ಟು ಉಳಿತಾಯ. ರಸ್ತೆ ಮೇಲೆ ಇಂಥ ವ್ಯಾಪಾರ ಎಲ್ಲಿ ಸಿಗುತ್ತೆ? ಇದನ್ನು ಹೇಳಿದಾಗ ನನ್ನ ತಮ್ಮ ನಂಬಲಿಲ್ಲ, ಬರೆದು ನೋಡಿದ ಮೇಲೆ ನಂಬಿದ.

ಬರೆಯೋದು ಅಂದೆನಲ್ಲ. ಹಾಲಿನ ಡೈರಿಯವರು ಕೊಟ್ಟಿದ್ದ ಹಳೇ ಪಾಸ್‌ಬುಕ್ಕಿನಲ್ಲಿ ಖಾಲಿ ಹಾಳೆ ಇದ್ದವು, ಅದನ್ನೇ ಹಿಡಿಸಿದೆ. ಹೊರಡುವ ಮುಂಚೆ ಕಡ್ಡಿ ಅದ್ದಿ ಎಷ್ಟು ಲೀಟರ್, ಬಂದ ಮೇಲೆ ಎಷ್ಟು, ಇಂಜಿನ್ ಓಡಿದ್ದು ಎಷ್ಟು ಹೊತ್ತು. ಗಾಳಿ ಇತ್ತಾ ಇಲ್ವಾ. ಇಷ್ಟೇ. ಕಡ್ಡಿ ಅಂದರೆ ಬಿದಿರಿನ ಸೀಳು, ಟ್ಯಾಂಕ್ ಅಳೆದ ದಿನವೇ ಎರಡೆರಡು ಲೀಟರಿಗೆ ಚಾಕುವಿನಲ್ಲಿ ಗೀರು ಹಾಕಿದ್ದು. ಪೆಟ್ರೋಲ್ ಬೇಗ ಆರಿಹೋಗುತ್ತೆ, ಎತ್ತಿದ ಕೂಡಲೇ ನೋಡಬೇಕು. ಕಡ್ಡಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಒದ್ದೆಯಾದ ಗೆರೆ ಎದ್ದು ಕಾಣುತ್ತೆ. ಬಂಕಿನವರು ನೆಲದೊಳಗಿನ ಟ್ಯಾಂಕಿಗೆ ಇಳಿಸುವುದೂ ಗೀರು ಹಾಕಿದ ಸಲಾಕೆಯನ್ನೇ. ತುದಿಗೊಂದು ಪೇಸ್ಟ್ ಹಚ್ಚಿರುತ್ತಾರೆ, ತಳದಲ್ಲಿ ನೀರಿದ್ದರೆ ಅದರ ಬಣ್ಣ ಬದಲಾಗುತ್ತೆ. ಬಂಕಿನಲ್ಲಿ ಅಳತೆ ಮೇಲೆ ಅನುಮಾನ ಬಂದರೆ ಸರ್ಕಾರದ ಮುದ್ರೆ ಇರುವ 5 ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಿ ಅಂತ ಕೇಳಬಹುದು, ಕೇಳುವ ಹಕ್ಕು ನಮಗಿದೆ. ಕೇಳುವವರು ಕಮ್ಮಿ.

ಈ ಪಾಸ್‌ಬುಕ್ಕು ಒಬ್ಬ ಹುಡುಗನ ಮರ್ಯಾದೆ ಉಳಿಸಿತು. ಆಗಿದ್ದೇನೆಂದರೆ, ದೀಪಾವಳಿ ಕಳೆದ ಮೇಲೆ ಎಣ್ಣೆ ಖರ್ಚು ವಿಪರೀತ ಆಯಿತು. ಗಾಳಿಯ ಕಾಲ ಅಲ್ಲ. ದೋಣಿಯಲ್ಲಿ ಕೆಲಸಕ್ಕಿದ್ದ ಹುಡುಗನ ಹತ್ತಿರ ಬೈಕ್ ಇತ್ತು. "ಅವನೇ ಪೈಪ್ ಹಾಕಿ ಎಳೀತಾನೆ ಅಣ್ಣ, ಇನ್ನೇನು" ಅಂದ ನನ್ನ ತಮ್ಮ. ಪೈಪ್ ಹಾಕಿ ಬಾಯಲ್ಲಿ ಎಳೆದು ಬಿಡೋದು ನಮ್ಮ ಕಡೆ ಎಲ್ಲರಿಗೂ ಬರುವ ವಿದ್ಯೆ. ಅಷ್ಟೇಕೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಇದೇ ಸೈಫನ್ ವಿದ್ಯೆ ದೊಡ್ಡದಾಗಿ ನಡೆಯುತ್ತೆ. ನೀರು ಒಂದು ಮಟ್ಟ ಮುಟ್ಟಿದರೆ ಸಾಕು, ಯಾರೂ ಗೇಟ್ ಎತ್ತದೆ ತಾನಾಗೇ ಹೊರಕ್ಕೆ ನುಗ್ಗುತ್ತೆ. ದೋಣಿಯಲ್ಲೂ ಈ ವಿದ್ಯೆಗೆ ಹೆದರಬೇಕು. ಟ್ಯಾಂಕಿಗಿಂತ ಕೆಳಗಿರುವ ಪೈಪು ಎಲ್ಲಾದರೂ ಒಡೆದರೆ ಇಡೀ ಟ್ಯಾಂಕು ದೋಣಿಯ ಹೊಟ್ಟೆಗೆ ಸುರಿದುಹೋಗುತ್ತೆ. ಅದಕ್ಕೇ ಟ್ಯಾಂಕಿನಿಂದ ಪೈಪು ಹೊರಡುವ ಬಾಯಲ್ಲಿ ಆಂಟಿ ಸೈಫನ್ ವಾಲ್ವ್ ಹಾಕುತ್ತಾರೆ. ಇಂಜಿನ್ ಎಳೆದರೆ ಮಾತ್ರ ಅದು ಬಿಡುತ್ತೆ.

ಹುಡುಗನನ್ನು ಬೈಯುವುದಕ್ಕೆ ಮುಂಚೆ ಪಾಸ್‌ಬುಕ್ ತಗೊಂಡು ಬಾ ಅಂದೆ. ನೋಡಬೇಕಾದ್ದು ಎರಡೇ ಜಾಗ. ರಾತ್ರಿ ಕಟ್ಟಿಹಾಕಿದಾಗ ಕಡ್ಡಿ ತೋರಿಸಿದ್ದಕ್ಕೂ ಬೆಳಿಗ್ಗೆ ತೋರಿಸಿದ್ದಕ್ಕೂ ವ್ಯತ್ಯಾಸ ಇದೆಯಾ? ಇರಲಿಲ್ಲ. ಕದ್ದರೂ ಸೋರಿದರೂ ನಿಂತಿದ್ದಾಗಲೇ ಕಮ್ಮಿಯಾಗಬೇಕಿತ್ತು. ಮತ್ತೆ, ಗಂಟೆಯ ಖರ್ಚು? ಅದು ಏರಿತ್ತು. ಒಂದೇ ದಿನ ಅಲ್ಲ, ಸ್ವಲ್ಪ ಸ್ವಲ್ಪವೇ. ಅಂದರೆ ಎಣ್ಣೆ ಹೋಗ್ತಿರುವುದು ಇಂಜಿನ್ ಮೂಲಕವೇ. ಇಂಜಿನ್ ಮೇಲಕ್ಕೆತ್ತಿ ಪ್ರೊಪೆಲ್ಲರ್ ಬಿಚ್ಚಿದೆವು. ಮೊದಲು ಅಂತರಗಂಗೆಯ ಬೇರು ಸಿಕ್ಕಿತು, ಅದನ್ನು ನಿರೀಕ್ಷಿಸಿದ್ದೆ. ಅದರ ಹಿಂದೆ, ಶಾಫ್ಟು ಒಳಹೋಗುವ ಸಂದಿಯಲ್ಲಿ, ಬಲೆಯ ನೈಲಾನ್ ದಾರ ಸುತ್ತಿ ಸುತ್ತಿ ಬಿಗಿದು ಗಟ್ಟಿಯಾಗಿ ಕೂತಿತ್ತು. ಚಾಕುವಿನ ತುದಿಯಲ್ಲಿ ಎಳೆ ಎಳೆಯಾಗಿ ಕಿತ್ತೆವು. ಆಯಿಲ್ ಸೀಲನ್ನು ಅದು ತಿಂದುಹಾಕಿತ್ತು, ಕೆಳಗಿನ ಗೇರ್ ಆಯಿಲ್‌ಗೆ ನೀರು ಸೇರಿ ಬೆಳ್ಳಗಾಗಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಗೇರ್ ಹೋಗುತ್ತಿತ್ತು. ಹುಡುಗ ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದಿದ್ದ, ತನ್ನ ಮೇಲೆ ಅನುಮಾನ ಇತ್ತು ಅಂತ ಅವನಿಗೆ ಗೊತ್ತೇ ಇಲ್ಲ.

ಇದಕ್ಕೇ ನಾನು ಎರಡು ಲೆಕ್ಕ ಬೇರೆಬೇರೆ ಇರಲಿ ಅನ್ನುವುದು. ಇರುವ ಎಣ್ಣೆಯ ಲೆಕ್ಕ ಒಂದು, ಖರ್ಚಿನ ಲೆಕ್ಕ ಇನ್ನೊಂದು. ಒಂದರಿಂದ ಇನ್ನೊಂದನ್ನು ಊಹಿಸಿ ಬರೆಯಬಾರದು. ಎರಡೂ ತಾಳೆಯಾಗದೆ ಹೋದಾಗಲೇ ಸುದ್ದಿ ಇರುವುದು.

ಪೂರ್ತಿ ಎಣ್ಣೆ ಇದ್ದೂ ಖಾಲಿಯಾದ ಹಾಗೆ ಇಂಜಿನ್ ನಿಲ್ಲುವುದೂ ಉಂಟು. ಕೈಯಲ್ಲಿ ಹೊತ್ತು ತರುವ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಯಾಡುವ ತಿರುಪು ಇರುತ್ತೆ. ಅದನ್ನು ತೆರೆಯದೆ ಹೊರಟರೆ ಒಳಗೆ ಗಾಳಿ ಇಲ್ಲದೆ ಎಣ್ಣೆ ಮೇಲೆ ಬರುವುದಿಲ್ಲ. ಪೈಪಿನ ಮಧ್ಯೆ ಒತ್ತುವ ರಬ್ಬರ್ ಬುರುಡೆ ಇದೆಯಲ್ಲ, ಅದನ್ನು ಮುಟ್ಟಿ ನೋಡಿ. ಚಪ್ಪಟೆಯಾಗಿ ಒಳಕ್ಕೆ ಹೋಗಿದ್ದರೆ ತೊಂದರೆ ಟ್ಯಾಂಕಿನ ಕಡೆ. ಗಟ್ಟಿಯಾಗಿದ್ದೂ ಇಂಜಿನ್ನಿಗೆ ಎಣ್ಣೆ ಸಿಗದಿದ್ದರೆ ಇಂಜಿನ್ ಕಡೆ.

ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಬೇರೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ, ಹಾಗಾಗಿ ಖರ್ಚು ಒಂಚೂರು ಏರಿದರೆ ಇಂಜಿನ್ನನ್ನೇ ಬೈಯಬೇಡಿ. ದೋಣಿಗೆ ಅದಕ್ಕಿಂತ ದೊಡ್ಡ ತಲೆನೋವು ನೀರು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ, ಜಾಸ್ತಿಯಾದಾಗ ಎರಡೂ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಣ್ಣೆ ಎಳೆಯುವ ಪೈಪೂ ತಳದ ಹತ್ತಿರವೇ ಇರುತ್ತೆ. ಬಳಸದೆ ತಿಂಗಳುಗಟ್ಟಲೆ ಬಿಡುವುದಾದರೆ ಆ ಎಣ್ಣೆಯನ್ನು ಬೈಕಿಗೋ ಕಾರಿಗೋ ಹಾಕಿ ಮುಗಿಸಿ.

ಅಂಗಡಿಗೆ ಇಂಜಿನಿಯರಿಂಗ್ ಓದುವ ಹುಡುಗರೂ ಬರುತ್ತಾರೆ. ಪ್ರಾಜೆಕ್ಟ್ ಮಾಡಬೇಕು, ಎಣ್ಣೆ ಹರಿಯುವುದನ್ನು ಅಳೆದು ಮೊಬೈಲಿನಲ್ಲಿ ತೋರಿಸುತ್ತೇವೆ ಅನ್ನುತ್ತಾರೆ. ಒಳ್ಳೇದೇ. ಸಣ್ಣ ಚಕ್ರ ತಿರುಗುತ್ತೆ, ಪ್ರತಿ ಸುತ್ತಿಗೂ ಇಷ್ಟು ಪಲ್ಸ್, ಇಷ್ಟು ಪಲ್ಸ್‌ಗೆ ಒಂದು ಲೀಟರ್. ಆದರೆ ಅವರು ತರುವುದು ನಲ್ಲಿ ನೀರಿಗೆ ಮಾಡಿದ ಪ್ಲಾಸ್ಟಿಕ್ ಸೆನ್ಸರ್. ಪೆಟ್ರೋಲಿಗೆ ಅದನ್ನು ಹಾಕಬೇಡಿ, ದಯವಿಟ್ಟು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಇಳಿದು ಕೂತುಕೊಳ್ಳುತ್ತೆ, ಎಲ್ಲಿಗೂ ಹೋಗುವುದಿಲ್ಲ. ಒಂದು ಕಿಡಿ ಸಾಕು. ಸೋರದ, ಕಿಡಿ ಹಾರದ, ದೋಣಿಗೇ ಅಂತ ಮಾಡಿದ ಸಾಮಾನು ಸಿಗುತ್ತೆ. ದುಬಾರಿ, ಹೌದು.

ಡೀಸೆಲ್ ಇಂಜಿನ್ನಾದರೆ ಇನ್ನೊಂದು ತಿರುವು. ಪಂಪು ಎಳೆದ ಡೀಸೆಲ್ ಎಲ್ಲ ಉರಿಯುವುದಿಲ್ಲ, ಒಂದು ಪಾಲು ಓವರ್‌ಫ್ಲೋ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಹೋಗುತ್ತೆ. ಟ್ರ್ಯಾಕ್ಟರ್ ರಿಪೇರಿ ಮಾಡಿದ ಯಾರಿಗಾದರೂ ಇದು ಗೊತ್ತು. ಹೋಗುವ ಪೈಪಿಗೆ ಮಾತ್ರ ಮೀಟರ್ ಹಾಕಿದರೆ ಇಂಜಿನ್ ರಾಕ್ಷಸನ ಹಾಗೆ ಕುಡಿಯುತ್ತಿದೆ ಅಂತ ತೋರಿಸುತ್ತೆ. ಹೋಗುವುದಕ್ಕೊಂದು, ಬರುವುದಕ್ಕೊಂದು ಮೀಟರ್ ಬೇಕು, ಕಳೆದು ನೋಡಬೇಕು.

ಕಳೆಯೋದು ಕೂಡೋದು ಅಂದಾಗ ಆ ಹುಡುಗರಿಗೆ ನಾನು ಹೇಳುವ ಕತೆ ಒಂದಿದೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಮೀಟರ್ ಕೆಟ್ಟಿತ್ತು. ಕಡ್ಡಿ ಅಳತೆಯಲ್ಲೇ ನೋಡಿ ಹೊರಟರು. ಕಡ್ಡಿ ಸರಿಯಾಗೇ ಹೇಳಿತ್ತು. ಲೀಟರನ್ನು ತೂಕಕ್ಕೆ ತಿರುಗಿಸುವಾಗ ಲೀಟರಿಗೆ 0.8 ಕೆಜಿ ಅನ್ನುವ ಕಡೆ 1.77 ಹಿಡಿದರು, ಅದು ಪೌಂಡಿನ ಲೆಕ್ಕ. 22,300 ಕೆಜಿ ಬೇಕಿದ್ದಲ್ಲಿ ಅರ್ಧಕ್ಕಿಂತಲೂ ಕಮ್ಮಿ ಇತ್ತು. 41,000 ಅಡಿ ಎತ್ತರದಲ್ಲಿ ಹಾರುವಾಗ ಎಣ್ಣೆ ಮುಗಿದು ಇಂಜಿನ್ ನಿಂತವು. ಗಿಮ್ಲಿ ಅನ್ನುವ ಊರಿನ ಹಳೇ ವಾಯುಪಡೆ ರನ್‌ವೇಗೆ ತೇಲಿಸಿಕೊಂಡು ಬಂದು ಇಳಿಸಿದರು, ಯಾರೂ ಸಾಯಲಿಲ್ಲ. ಔಟ್‌ಬೋರ್ಡ್ ಮ್ಯಾನ್ಯುಯಲ್‌ಗಳಲ್ಲೂ ಗ್ಯಾಲನ್ ಇರುತ್ತೆ. ಅಮೆರಿಕನ್ ಗ್ಯಾಲನ್ 3.785 ಲೀಟರ್, ಇಂಗ್ಲೆಂಡಿನದ್ದು 4.546. ಯಾವುದು ಅಂತ ನೋಡಿಕೊಳ್ಳಿ.

ಎಷ್ಟು ತುಂಬಿಸಿಕೊಂಡು ಹೋಗಬೇಕು ಅಂದರೆ, ದೋಣಿಯವರ ಹಳೇ ಮಾತು ಮೂರು ಪಾಲು. ಹೋಗುವುದಕ್ಕೆ ಒಂದು ಪಾಲು, ಬರುವುದಕ್ಕೆ ಒಂದು, ಇನ್ನೊಂದು ಮುಟ್ಟುವಂತಿಲ್ಲ. ಕೆರೆಯಲ್ಲಿ ಇದು ಅತಿಯಾಯಿತು ಅನ್ನಿಸಬಹುದು, ಎಣ್ಣೆ ಮುಗಿದರೆ ಹುಟ್ಟು ಹಾಕಿಕೊಂಡು ಬರಬಹುದಲ್ಲ. ಕಡಲಿಗೆ ಹೋಗುವವರಿಗೆ ಆ ಅನುಕೂಲ ಇಲ್ಲ. ಹಾಗಂತ ಟ್ಯಾಂಕಿನ ಕಂಠದವರೆಗೂ ತುಂಬಿಸಬಾರದು. ಬೆಳಿಗ್ಗೆ ತಂಪಿನಲ್ಲಿ ತುಂಬಿದ 30 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿ ಏರಿದರೆ ಅರ್ಧ ಲೀಟರಿಗಿಂತ ಜಾಸ್ತಿ ಉಬ್ಬುತ್ತೆ, ಅದಕ್ಕೆ ಜಾಗ ಬೇಕು.

ನನ್ನ ತಮ್ಮ ಈಗ ಫ್ಲೋ ಮೀಟರ್ ಹಾಕಿಸೋಣ ಅನ್ನುತ್ತಿದ್ದಾನೆ. ಹೊಸ ದೊಡ್ಡ ಇಂಜಿನ್ನುಗಳು ಖರ್ಚನ್ನು ತಾವೇ ಲೆಕ್ಕ ಹಾಕಿ ವೈರಿನಲ್ಲಿ ಕಳಿಸುತ್ತವೆ, ಇವನದಕ್ಕೆ ಅದಿಲ್ಲ, ಹೊರಗಿನಿಂದಲೇ ಜೋಡಿಸಬೇಕು. ಈ ಬೇಸಿಗೆವರೆಗೂ ಪಾಸ್‌ಬುಕ್ ಬರಿ, ಸೀಲ್ ಬದಲಾಯಿಸಿದ ಮೇಲೆ ಗಂಟೆಯ ಖರ್ಚು ಎಲ್ಲಿಗೆ ಬಂದು ನಿಲ್ಲುತ್ತೆ ನೋಡೋಣ, ಆಮೇಲೆ ಮೀಟರ್ ಹೇಳೋದು ನಿಜವಾ ಅಂತ ತಾಳೆ ನೋಡೋಕೆ ನಮ್ಮ ಹತ್ತಿರ ಏನಾದರೂ ಇರುತ್ತೆ ಅಂದೆ. "ಆಯ್ತು ಕಣಣ್ಣ" ಅಂದ. ಆಗಲೇ ಆರ್ಡರ್ ಮಾಡಿದ್ದಾನೆ ಅಂತ ನಮ್ಮ ಅತ್ತೆ ಹೇಳಿದರು.